ಆರಾಮ್ ಅನ್ನದ ಖಾಲಾ

ಯಾರಾದರೂ “ಆರಾಮ್ ಇದೀನಿ” ಅಂದರೆ ನನಗೆ ಇವತ್ತಿಗೂ ಒಳಗೊಳಗೇ ಪುಕಪುಕ ಶುರುವಾಗುತ್ತದೆ. ಮಗಳು ಫೋನಿನಲ್ಲಿ “ಆರಾಮ್ ಇದೀನವ್ವಾ” ಅಂದಳೋ, ಊಟ ಬಿಟ್ಟಿದ್ದಾಳಾ, ಜ್ವರ ಬಂದಿದೆಯಾ, ಗಂಡನ ಜೊತೆ ಮಾತು ಬಿಟ್ಟಿದ್ದಾಳಾ ಅಂತ ಸಂಜೆವರೆಗೂ ತಲೆ ಕೆಡಿಸಿಕೊಂಡು ಕೂರುತ್ತೇನೆ. “ನಿನಗೆ ಕೆಟ್ಟದ್ದು ಹೇಳಿದ್ರೂ ಭಯ, ಒಳ್ಳೇದು ಹೇಳಿದ್ರೂ ಭಯ” ಅಂತ ಅವಳು ಬೈಯುತ್ತಾಳೆ. ಬೈಯಲಿ. ಅವಳು ಖಾಲಾನ್ನ ಕಂಡವಳಲ್ಲ.

ಹರಿಹರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹತ್ತಿ ಹಿಂಜಿ ಗಾದಿ ಮಾಡಿಕೊಡುವ ಮನೆತನ ಅವರದು. ಮಗ ಬಿಲ್ಲು ಹಿಡಿದು ಟಂಯ್ ಟಂಯ್ ಅಂತ ಹತ್ತಿ ಹಿಂಜುತ್ತಿದ್ದ. ಖಾಲಾ ತುಂಬಿದ ಗಾದಿಯ ಮೇಲೇ ಎರಡೂ ಕಾಲು ಚಾಚಿ ಕೂತು ದಬ್ಬಣದಲ್ಲಿ ಹೊಲಿಗೆ ಹಾಕುತ್ತಿದ್ದರು. ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ. ಹೆಸರು ಬೇರೆ ಇತ್ತು. ಓಣಿಯಲ್ಲಿ ಆ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ “ಯಾರನ್ನ ಕೇಳಿ ಬರೆದಿ?” ಅಂತ ಅಲ್ಲಿಂದಲೇ ಜಗಳಕ್ಕೆ ಬಂದಾರು.

ನಮ್ಮ ಕಡೆ ಇಬ್ಬರು ಎದುರಾದರೆ ಒಬ್ಬರು “ಆರಾಮೇನ್ರಿ?” ಅನ್ನಬೇಕು, ಇನ್ನೊಬ್ಬರು “ಆರಾಮ್ ರಿ” ಅನ್ನಬೇಕು. ಮೈ ಸುಡುವ ಜ್ವರ ಇದ್ದರೂ, ಮನೆಯಲ್ಲಿ ಒಲೆ ಹತ್ತದಿದ್ದರೂ ಅಷ್ಟೇ ಉತ್ತರ. ಅದು ಮರ್ಯಾದೆ. ಖಾಲಾಗೆ ಮಾತ್ರ ಆ ಮರ್ಯಾದೆ ಹಿಡಿಸಿರಲೇ ಇಲ್ಲ. ಯಾರೋ ಪಾಪ ದಾರಿಯಲ್ಲಿ ಹೋಗುವವರು ಬಾಯಿ ತಪ್ಪಿ “ಆರಾಮಾ ಖಾಲಾ?” ಅಂದರೆ ಮುಗಿಯಿತು.

“ಆರಾಮಾ? ಎಲ್ಲಿ ಆರಾಮು? ಬಾ, ಕೂಡ್ರು. ಬಲಗಡೆ ಹಲ್ಲು ನಿನ್ನೆಯಿಂದ ಜಗ್ತೈತೆ. ಬೆನ್ನಾಗ ಚಳುಕು. ಈ ಹತ್ತಿ ನೋಡು, ಬರೇ ಕಸ. ಮಗ ಎದ್ದಿದ್ದು ಬಿಸಿಲೇರಿದ ಮ್ಯಾಲೆ. ಸೊಸಿ ಕೈಯಾಗ ಉಪ್ಪು ನಿಲ್ಲಂಗಿಲ್ಲ…”

ಟಪಾಲಿನವ ಅವರ ಮನೆ ಕಾಗದವನ್ನು ನಮ್ಮ ಮನೆಯಲ್ಲಿ ಕೊಟ್ಟು ಓಡುತ್ತಿದ್ದ. ಊರಿಗೆ ಹೊಸದಾಗಿ ಬಂದ ಒಬ್ಬ ಮೇಷ್ಟ್ರು, ಶಾಲೆಗೆ ಹೋಗುವಾಗ ವಿನಯದಿಂದ “ಆರಾಮೇನ್ರಿ?” ಅಂತ ಕೇಳಿ ಸಿಕ್ಕಿಬಿದ್ದರು; ಅವರು ಶಾಲೆ ಮುಟ್ಟುವಾಗ ಹುಡುಗರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೊರಟಿದ್ದರಂತೆ. ಆಮೇಲೆ ಮೇಷ್ಟ್ರು ಹಿಂದಿನ ಓಣಿ ಹಿಡಿದು ಹೋಗಲು ಕಲಿತರು. ಅದಕ್ಕೂ ಖಾಲಾ ಬೈದರು. “ಕೂಡ್ರಾಕ ಪುರುಸೊತ್ತು ಇಲ್ಲದೋರು ಯಾಕ ಕೇಳ್ತೀರಿ? ಕೇಳಿದ ಮ್ಯಾಲೆ ಕೂಡ್ರಬೇಕು.”

ಇದನ್ನು ಬರೀ ಗೊಣಗಾಟ ಅಂದುಕೊಂಡವರೇ ಹೆಚ್ಚು. ನಮ್ಮಪ್ಪ ತೀರಿಕೊಂಡಾಗ ನಾನು ಇನ್ನೂ ಹೈಸ್ಕೂಲಿನಲ್ಲಿದ್ದೆ. ಬಂದವರೆಲ್ಲ ಅವ್ವನಿಗೆ ಬಾಗಿಲಲ್ಲೇ ನಿಂತು “ಸಮಾಧಾನ ಮಾಡ್ಕೋ” ಅಂತ ಹೇಳಿ ಹೋದರು. ಖಾಲಾ ಬಂದವರು ದಬ್ಬಣ, ದಾರ ಎಲ್ಲ ಹಿಡಿದುಕೊಂಡೇ ಬಂದರು. ಅವ್ವನ ಪಕ್ಕ ಕಾಲು ಚಾಚಿ ಕೂತು, “ಎಲ್ಲಿ ನೋಯ್ತೈತೆ, ಹೇಳು” ಅಂದರು. ಅವ್ವ ಅಲ್ಲಿಯವರೆಗೂ ಅತ್ತಿರಲಿಲ್ಲ. ಅವತ್ತು ಎದೆ ಬಡಿದುಕೊಂಡು ಅತ್ತಳು, ಮಾತಾಡಿದಳು, ಮತ್ತೆ ಅತ್ತಳು. ಖಾಲಾ ನಡುವೆ ಒಂದು ಮಾತೂ ಬಾಯಿ ಹಾಕಲಿಲ್ಲ. ತಾವು ಕೇಳಿದರೆ ತಾವೂ ಕೂಡ್ರುತ್ತಿದ್ದರು, ಅದು ಅವರ ನೇಮ.

ಮುಂದೆ ನಾನು ನರ್ಸ್ ಕೆಲಸ ಕಲಿತೆ. ದಾವಣಗೆರೆಯಲ್ಲಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಆಸ್ಪತ್ರೆ. ಬೆಳಿಗ್ಗೆ ಹರಿಹರದಲ್ಲಿ ರೈಲು ಹತ್ತಿ ಹೋಗಿ ಸಂಜೆ ಅದರಲ್ಲೇ ಬರುತ್ತಿದ್ದೆ. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಮೂಳೆ ಕೆಲಸದಲ್ಲಿ ಪಳಗಿದವರು. ಮುದುಕರು ಬಿದ್ದು ಸೊಂಟದ ಕೀಲು ಮುರಿದುಕೊಂಡರೆ ಹಾಸಿಗೆ ಹಿಡಿದೇ ಹೋಗಿಬಿಡುತ್ತಿದ್ದ ಕಾಲ ಅದು. ಈ ಡಾಕ್ಟರು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿ, ಕೊಯ್ದು, ಮುರಿದ ಮೂಳೆಗೆ ಉಕ್ಕಿನ ಮೊಳೆ ಹೊಡೆದು ಎಬ್ಬಿಸಿ ಕೂರಿಸುತ್ತಿದ್ದರು. ಕಷ್ಟ ಇದ್ದದ್ದು ಆಮೇಲೆ. ಮರಗಟ್ಟಿದ್ದು ಬಿಟ್ಟ ಕೂಡಲೇ ನೋವು ಮೇಲೆ ಬೀಳುತ್ತಿತ್ತು. ನೋವಿಗೆ ಹೆದರಿ ಮುದುಕರು ಮಿಸುಕದೆ ಮಲಗುತ್ತಿದ್ದರು, ಎದೆಯಲ್ಲಿ ಕಫ ಕಟ್ಟುತ್ತಿತ್ತು, ಮೊಳೆ ಗಟ್ಟಿಯಾಗಿ ಕೂತಿದ್ದರೂ ಜೀವ ಹೋಗುತ್ತಿತ್ತು.

ಡಾಕ್ಟರು ತಮ್ಮ ಗುರುಗಳನ್ನು ಕೇಳಿ ಒಂದು ಪ್ರಯೋಗಕ್ಕೆ ಕೈ ಹಾಕಿದರು. ಬೆನ್ನಿಗೆ ಕೊಡುವ ಮಾಮೂಲು ಔಷಧದ ಜೊತೆಗೆ ಅದೇ ಸೂಜಿಯಲ್ಲಿ ಒಂದಿಷ್ಟು ನೋವಿನ ಮದ್ದನ್ನೂ ಸೇರಿಸುವುದು. ಕೆಲವರಿಗೆ ಸೇರಿಸುವುದು, ಕೆಲವರಿಗೆ ಬಿಡುವುದು. ಆಮೇಲೆ ಯಾರಿಗೆ ನೋವು ಕಡಿಮೆ ಅಂತ ಕೇಳಿ ನೋಡುವುದು. ಕೇಳುವುದರಲ್ಲೇ ಕೆಲಸ ಕೆಟ್ಟಿತು ನೋಡಿ. ಕಡರನಾಯಕನಹಳ್ಳಿಯ ಒಬ್ಬ ಯಜಮಾನರು ನೋವು ತಡೆಯಲಾರದೆ ಟವೆಲ್ ಕಚ್ಚಿಕೊಂಡು ಮಲಗಿರುತ್ತಿದ್ದರು. ಡಾಕ್ಟರು ಬಾಗಿಲಿಗೆ ಬಂದರೆ ಟವೆಲ್ ತೆಗೆದು ಎರಡೂ ಕೈ ಮುಗಿದು, “ತಮ್ಮ ದಯೆಯಿಂದ ಆರಾಮ್ ಐತ್ರಿ” ಅನ್ನುವರು. ಡಾಕ್ಟರು ಅತ್ತ ಹೋದರೆ ಟವೆಲ್ ಮತ್ತೆ ಬಾಯಿಗೆ. ಎಲ್ಲರದೂ ಅದೇ ಕಥೆ.

“ಮದ್ದು ಹಾಕಿಸಿಕೊಂಡವರೂ ಆರಾಮ್, ಹಾಕಿಸಿಕೊಳ್ಳದವರೂ ಆರಾಮ್. ನಾನು ಯಾರನ್ನ ನಂಬಲಿ ಸಿಸ್ಟರ್?” ಅಂತ ಡಾಕ್ಟರು ತಲೆ ಹಿಡಿದುಕೊಂಡರು.

“ವಾಸಿ ಮಾಡಿದೋರ ಮುಂದೆ ನೋವು ಅನ್ನೋದು, ಉಂಡ ಮನ್ಯಾಗ ಸಾರು ಸಪ್ಪೆ ಅಂದಂಗ್ರಿ ಡಾಕ್ಟ್ರೇ” ಅಂದೆ. ಅವರು ನಗಲಿಲ್ಲ. ಅವರು ಸುಲಭಕ್ಕೆ ನಗುವ ಮನುಷ್ಯರಲ್ಲ. ಆಪರೇಷನ್ ಆದವರ ಕಾಲಿನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು, “ಆಡಿಸಿ, ಬೆರಳು ಆಡಿಸಿ” ಅನ್ನುತ್ತ, ಅದು ಆಡುವವರೆಗೂ ಮುಖ ಸಣ್ಣದು ಮಾಡಿಕೊಂಡು ನಿಂತಿರುವುದು ಅವರ ಅಭ್ಯಾಸ. ಬೆರಳು ಆಡಿದರೆ ಕಾಲು ಬಂತು ಅಂತ ಲೆಕ್ಕ.

ಅಂಥ ದಿನಗಳಲ್ಲೇ ಖಾಲಾ ಬಿದ್ದದ್ದು. ಹಳೇ ಗಾದಿ ಬಟ್ಟೆಗಳನ್ನು ಹೊಳೆಗೆ ಒಯ್ದಿದ್ದರು, ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿತು. ಮಗ, ಎಲುಬು ಕಟ್ಟುವವರ ಹತ್ತಿರ ಒಯ್ಯುತ್ತೇನೆ, ಬಿದಿರು ದಬ್ಬೆ ಹಾಕಿ ಎಣ್ಣೆ ಹಚ್ಚುತ್ತಾರೆ ಅಂತ ಹೊರಟಿದ್ದ. ನಾನು ಅಡ್ಡ ನಿಂತೆ. ಸೊಂಟದ ಕೀಲು ದಬ್ಬೆಗೆ ಕೂಡುವುದಿಲ್ಲ, ನಮ್ಮ ಡಾಕ್ಟರ ಹತ್ತಿರ ನಡಿ ಅಂದೆ.

“ಏನಾರ ಹೆಚ್ಚು ಕಮ್ಮಿ ಆದ್ರೆ ಅಕ್ಕಾ?” ಅಂದ.

“ನಾನಿದೀನಲ್ಲೋ” ಅಂದುಬಿಟ್ಟೆ. ಆಡಿದ ಮಾತು ಆಡಿದ ಮೇಲೆ ಭಾರ. ದಾವಣಗೆರೆಯ ಮಿಲ್ಲಿಗೆ ಹತ್ತಿ ಒಯ್ಯುವ ಲಾರಿಯಲ್ಲಿ ಅವರೇ ಹೊಲಿದ ಗಾದಿ ಹಾಸಿ ಮಲಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಒಂದೊಂದು ಗುಂಡಿಗೂ ಡ್ರೈವರನ ವಂಶಕ್ಕೆಲ್ಲ ಬೈಗುಳ.

ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಮದ್ದು ಹೊಸದು, ಇದು ಪ್ರಯೋಗ, ವಾಂತಿ ಆಗಬಹುದು, ಮೈ ತುರಿಸಬಹುದು, ನಿದ್ದೆ ಹೆಚ್ಚು ಬರಬಹುದು, ಬೇಡ ಅಂದರೆ ಮಾಮೂಲಿನದನ್ನೇ ಕೊಡುತ್ತೇನೆ ಅಂದರು. ಖಾಲಾ ಮೊದಲು ಸೂಜಿ ತೋರಿಸು ಅಂದರು. ತೋರಿಸಿದರು. ಕಣ್ಣ ಹತ್ತಿರ ಹಿಡಿಸಿಕೊಂಡು ನೋಡಿ, “ಇದು ಸೂಜಿ ಏನಪ್ಪಾ? ನಮ್ಮನಿ ದಬ್ಬಣ!” ಅಂದರು. ಆಮೇಲೆ ದನಿ ಇಳಿಸಿದರು.

“ಡಾಕ್ಟರಪ್ಪ, ನಡೆಯೋದು ಹಾಳಾಗ್ಲಿ. ಕಾಲು ಚಾಚಿ ಕೂಡ್ರಾಕ ಬರ್ತೈತಾ? ಕೂಡ್ರಾಕ ಬರದಿದ್ರೆ ಗಾದಿ ಹೊಲೆಯೋರ್ಯಾರು? ನನ್ನ ಮಗನ ಹೊಲಿಗಿ ನೋಡಿಲ್ಲ ನೀನು, ಹಾವು ಹರಿದಂಗೆ ಹರೀತೈತೆ.”

ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಗಾದಿ ಇಲ್ಲದೆ ಖಾಲಾ ಇಲ್ಲ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು. ಕಾಲು ಬರುತ್ತದೆ ಅಂತಲೇ ನನ್ನ ನಂಬಿಕೆ ಅಂದರು ಡಾಕ್ಟರು. ಖಾಲಾ ನನ್ನ ಕಡೆ ತಿರುಗಿ, “ನೀ ಏನಂತಿ?” ಅಂದರು.

“ಡಾಕ್ಟ್ರು ಭಾಳ ಒಳ್ಳೇರು ಖಾಲಾ.”

“ನಾ ಅದನ್ನ ಕೇಳಲಿಲ್ಲ” ಅಂದವರು ಡಾಕ್ಟರ ಕಡೆ ತಿರುಗಿದರು. “ಹಾಕಪ್ಪ ಆ ಮದ್ದು. ಆದ್ರೆ ಆಮ್ಯಾಲೆ ಬಾಗಿಲಾಗ ನಿಂತು ಆರಾಮಾ ಅಂತ ಕೇಳಿ ಹೋಗೋದಲ್ಲ. ಸ್ಟೂಲು ಹಾಕ್ಕೊಂಡು ಕೂಡ್ರಬೇಕು. ನಾ ಹೇಳೋದು ಪೂರ್ತಿ ಕೇಳಬೇಕು.”

ಡಾಕ್ಟರ ಮುಖ ಅಷ್ಟು ಅರಳಿದ್ದು ನಾನು ನೋಡಿರಲೇ ಇಲ್ಲ. “ಇಂಥವರೊಬ್ಬರು ಸಿಗಲಿ ಅಂತ ಕಾಯ್ತಿದ್ದೆ ಸಿಸ್ಟರ್” ಅಂದರು.

ಮಾರನೇ ದಿನ ಬೆಳಗಾಗುತ್ತಿದ್ದಂತೆ ಆಪರೇಷನ್ ಆಯಿತು. ಸೊಂಟದ ಕೆಳಗೆ ಮಾತ್ರ ಮರಗಟ್ಟಿದ್ದರಿಂದ ಖಾಲಾ ಎಚ್ಚರವಾಗಿಯೇ ಇದ್ದರು. ಸುತ್ತಿಗೆ ಸದ್ದು ಕೇಳಿದಾಗೆಲ್ಲ “ಸೊಟ್ಟ ಹೊಡೀಬ್ಯಾಡ, ಹೇಳೀನಿ” ಅನ್ನುತ್ತಿದ್ದರು. ಮೊಳೆ ನೆಟ್ಟಗೆ ಕೂತಿತು. ವಾರ್ಡಿಗೆ ತಂದು ಮಲಗಿಸಿದೆವು.

ಬೇರೆಯವರಿಗೆ ಊಟದ ಹೊತ್ತಿಗೆ ಬೆರಳು ಆಡುತ್ತಿತ್ತು. ಖಾಲಾದು ಆಡಲಿಲ್ಲ. ಡಾಕ್ಟರು ಬಂದು ಹೆಬ್ಬೆರಳು ಹಿಡಿದು ನಿಂತರು, ಹೋದರು, ಮತ್ತೆ ಬಂದರು. “ಇನ್ನೂ ಸಮಯ ಇದೆ” ಅಂತ ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ. ನಾನು ಬೇರೆ ಕೆಲಸ ಮಾಡುತ್ತಲೇ ಆ ಮಂಚದ ಹತ್ತಿರ ಸುಳಿಯುವುದು, ಹೊದಿಕೆ ಸರಿಸುವುದು, ಬೆರಳು ಮುಟ್ಟುವುದು. ತಣ್ಣಗೆ, ಸುಮ್ಮನೆ ಬಿದ್ದಿರುತ್ತಿತ್ತು. ಕಾಲು ಬರದೇ ಹೋದರೆ ಓಣಿಯಲ್ಲಿ ಯಾವ ಮುಖ ಇಟ್ಟುಕೊಂಡು ತಿರುಗಲಿ? ಗೋಡೆಯ ಆ ಕಡೆಯಿಂದ ಬಿಲ್ಲಿನ ಸದ್ದು ಕೇಳಿದಾಗೆಲ್ಲ ಏನು ಮಾಡಲಿ? ನನಗೆ ಇದ್ದ ಭಯವೆಲ್ಲ ಕಾಲಿನದು. ಅವರು ಮಾತಾಡದೆ ಮಲಗಿದ್ದು ಒಳ್ಳೆಯದೇ ಆಯಿತು, ನೋವಿಲ್ಲ, ನಿದ್ದೆ ಹತ್ತಿದೆ ಅಂದುಕೊಂಡಿದ್ದೆ.

ಮಧ್ಯಾಹ್ನದ ರೈಲಿಗೆ ಮಗ, ಸೊಸೆ, ಅವರ ಜೊತೆಗೆ ಆ ಮೇಷ್ಟ್ರೂ ಬಂದರು. ಮೇಷ್ಟ್ರು ಹಳೇ ಅಭ್ಯಾಸದಂತೆ ಬಾಗಿಲಲ್ಲೇ ನಿಂತು, ಇನ್ನು ಸಂಜೆವರೆಗೂ ಬಿಡುಗಡೆಯಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡು, “ಆರಾಮೇನ್ರಿ ಖಾಲಾ?” ಅಂದರು.

ಖಾಲಾ ರೆಪ್ಪೆ ಅರ್ಧ ಎತ್ತಿದರು. “ಆರಾಮ್” ಅಂದರು. ಮತ್ತೆ ಮುಚ್ಚಿದರು.

“ಯಾ ಅಲ್ಲಾ! ಕೇಳಿದ್ರೇನ್ರಿ ಮೇಷ್ಟ್ರೇ, ಅಮ್ಮ ಆರಾಮ್ ಅಂದ್ಲು!” ಅಂತ ಮಗ ಕುಣಿದ. ಪಡಸಾಲೆಯಲ್ಲಿದ್ದ ಡಾಕ್ಟರ ಕಿವಿಗೂ ಬಿತ್ತು. “ನೋಡಿದಿರಾ ಸಿಸ್ಟರ್, ಇವರೇ ಆರಾಮ್ ಅಂದರು. ಮದ್ದು ಹಿಡಿದಿದೆ” ಅಂದರು.

ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲಿದ್ದೀನಿ, ಆ ಮಾತು ಅವರ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಹಬ್ಬದ ದಿನ ಕೇಳಿರಲಿಲ್ಲ, ಮಗನ ನಿಕಾದ ದಿನ ಕೇಳಿರಲಿಲ್ಲ.

“ಡಾಕ್ಟ್ರೇ, ಅದು ಅವರ ಮಾತಲ್ರಿ. ಅವರು ಆರಾಮ್ ಅನ್ನೋರೇ ಅಲ್ಲ. ಏನೋ ಆಗೈತೆ, ಬರ್ರಿ, ಲಗೂನ ಬರ್ರಿ!”

ಡಾಕ್ಟರು ಓಡಿ ಬಂದರು. ಖಾಲಾನ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಒಂದು ಉಸಿರು ಬಂತು. ಆಮೇಲೆ ಇಲ್ಲ. ಕಾದೆವು. ನಾನೂ ಉಸಿರು ಬಿಡಲಿಲ್ಲ. ಎಷ್ಟೋ ಹೊತ್ತಿಗೆ ಇನ್ನೊಂದು ಬಂತು. ತುಟಿ ಕಪ್ಪಿಡುತ್ತಿತ್ತು.

“ಬೆನ್ನಿಗೆ ಕೊಟ್ಟ ಮದ್ದು ತಲೆ ಕಡೆ ಏರಿದೆ ಸಿಸ್ಟರ್. ಉಸಿರಾಡೋದನ್ನೇ ಮರೀತಿದಾರೆ. ನಿದ್ದೆಗೆ ಬಿಡಬೇಡಿ. ನಿದ್ದೆ ಹೋದರೆ ಕೈ ತಪ್ಪಿ ಹೋಗ್ತಾರೆ.”

ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬಂದೆ. ಆ ಮದ್ದನ್ನು ಇಳಿಸುವ ಮದ್ದು ನಮ್ಮಲ್ಲಿ ಇರಲಿಲ್ಲ. ಡಾಕ್ಟರು ಬಗ್ಗಿ “ಅಮ್ಮಾ, ಉಸಿರು ತಗೊಳ್ಳಿ” ಅಂದರೆ ಒಂದು ತೆಗೆದುಕೊಳ್ಳುವರು, ಮತ್ತೆ ನಿಲ್ಲುವರು. ಕೆನ್ನೆ ತಟ್ಟಿದೆವು, ನೀರು ಚಿಮುಕಿಸಿದೆವು. ಮೊದಮೊದಲು ಕಣ್ಣು ಬಿಟ್ಟರು, ಆಮೇಲೆ ಅದೂ ಇಲ್ಲ. ಮಗ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. ನನಗೆ ಎಲ್ಲಿಂದ ಹೊಳೆಯಿತೋ, ಅವನ ತೋಳು ಹಿಡಿದು ಎಳೆದೆ.

“ಬೈಸ್ಕೊಳ್ಳೋ! ಹೆಂಗಾರ ಮಾಡಿ ಬೈಸ್ಕೋ!”

ಅವನಿಗೆ ಬಾಯೇ ಬರಲಿಲ್ಲ. ಬಂದದ್ದು ಸೊಸೆಗೆ. ಅತ್ತೆಯ ಎದುರು ದನಿ ಎತ್ತದ ಹೆಣ್ಣು, ಕಿವಿಯ ಹತ್ತಿರ ಬಗ್ಗಿ, “ಅತ್ತೇ, ಇವತ್ತು ಸಾರಿಗೆ ಉಪ್ಪೇ ಹಾಕಿಲ್ರಿ” ಅಂದಳು. ಹುಬ್ಬು ಒಂಚೂರು ಗಂಟಾಯಿತು. ಉಸಿರು ಬಂತು. “ಇನ್ನೊಂದು ಹೇಳವ್ವಾ, ಇನ್ನೊಂದು” ಅಂದೆ. “ಹಿಂಜಿದ ಹತ್ತಿ ಅಂಗಳದಾಗೇ ಬಿಟ್ಟು ಬಂದೀನ್ರಿ.” ಉಸಿರು ಬಂತು. ಮೇಷ್ಟ್ರು ಬಾಗಿಲಿಂದ ಒಳಗೆ ಬಂದು, ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. “ಖಾಲಾ, ಕೂತೀನಿ ನೋಡ್ರಿ. ಆ ಬಲಗಡೆ ಹಲ್ಲು ಏನಾತು? ಹೇಳ್ರಿ, ನಂಗೆ ಶಾಲಿ ಇಲ್ಲ ಇವತ್ತು.” ಮಗನಿಗೂ ಅಷ್ಟೊತ್ತಿಗೆ ಬಾಯಿ ಬಂತು. “ಅಮ್ಮಾ, ದೊಡ್ಡ ಗಾದಿ ನಾನೇ ಹೊಲಿದು ಮುಗಿಸೀನಿ” ಅಂತ ಅಳುತ್ತಾ ಸುಳ್ಳು ಹೇಳಿದ.

ಹೀಗೇ ನಡೆಯಿತು. ಓಣಿಯೆಲ್ಲ ಇಷ್ಟು ವರ್ಷ ಯಾವ ದೂರಿಗೆ ಹೆದರಿ ತಪ್ಪಿಸಿಕೊಂಡು ತಿರುಗಿತ್ತೋ, ಅದನ್ನೇ ಬೇಡಿಕೊಂಡು ಕೂತೆವು. ಡಾಕ್ಟರು ಕಾಲ ಬುಡದಲ್ಲಿ ಹೆಬ್ಬೆರಳು ಹಿಡಿದು ಕೂತಿದ್ದರು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನ್ನ ಅಂಗೈ ಖಾಲಾನ ಹೊಟ್ಟೆಯ ಮೇಲೆ. ‘ನಾನಿದೀನಲ್ಲೋ’ ಅಂದಿದ್ದೆನಲ್ಲ, ಆ ಮಾತು ನನ್ನನ್ನೇ ತಿನ್ನುತ್ತಿತ್ತು. ದೇವರೇ, ಈ ಮುದುಕಿ ನನ್ನನ್ನು ಬಾಯಿ ತುಂಬ ಬೈಯಲಿ, ಓಣಿಯ ಮುಂದೆ ಮಾನ ಕಳೆಯಲಿ, ಉಸಿರೊಂದು ಬರಲಿ ಅಂತ ಬೇಡಿಕೊಂಡೆ.

ದೀಪ ಹಚ್ಚುವ ಹೊತ್ತು. ಸೊಸೆಗೆ ಹೇಳಲು ಏನೂ ಉಳಿದಿರಲಿಲ್ಲ. ಕೊನೆಗೆ, “ಅತ್ತೇ, ನಿಮ್ಮ ದಬ್ಬಣ ಎದುರುಮನೆಯೋರಿಗೆ ಕೊಟ್ಟುಬಿಟ್ಟೆ” ಅಂದಳು.

ಕಣ್ಣು ಪೂರ್ತಿ ತೆರೆಯಿತು. “ಯಾರನ್ನ ಕೇಳಿ ಕೊಟ್ಟಿ?”

ದನಿ ಕಲ್ಲು ತಿಕ್ಕಿದ ಹಾಗಿತ್ತು, ಆದರೂ ಅದು ಅವರದೇ ದನಿ. ಕಣ್ಣು ಸುತ್ತ ತಿರುಗಿ ಕಾಲ ಬುಡಕ್ಕೆ ಹೋಗಿ ನಿಂತಿತು. “ಯಾವನೋ ಅವನು ನನ್ನ ಬೆರಳು ಹಿಡಿದಿರೋನು? ಬಿಡು!” ಅಂದವರೇ ಕಾಲು ಜಾಡಿಸಿದರು. ಹೆಬ್ಬೆರಳು ಡಾಕ್ಟರ ಕೈಯಿಂದ ಕಿತ್ತುಕೊಂಡು ಹೋಯಿತು.

ಡಾಕ್ಟರು ಖಾಲಿ ಕೈ ಹಾಗೇ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಖಾಲಾ ಶುರು ಮಾಡಿದರು. ಬಾಯಿ ಒಣಗೈತೆ, ಮೈ ತುರಿಸ್ತೈತೆ, ಈ ಮುಖಕ್ಕ ಹಾಕಿದ್ದು ನಾರ್ತೈತೆ, ಸೊಂಟ ಕಿತ್ತು ಬರ್ತೈತೆ. ಸೊಂಟ ಕಿತ್ತು ಬರ್ತೈತೆ ಅಂದ ಕೂಡಲೇ ನಾವೆಲ್ಲ ಒಟ್ಟಿಗೆ ನಕ್ಕೆವು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. “ನೋವು ಅಂದ್ರೆ ನಗ್ತೀರಲ್ಲ, ಮನುಷ್ಯರೇನ್ರಲೇ ನೀವು?” ಅಂತ ಅದಕ್ಕೂ ಬೈದರು.

ಮರುದಿನ ಡಾಕ್ಟರು ಕೊಟ್ಟ ಮಾತಿನಂತೆ ಸ್ಟೂಲು ಹಾಕಿಕೊಂಡು ಕೂತರು. ಮುಖ ರಾತ್ರಿಯೆಲ್ಲ ನಿದ್ದೆಗೆಟ್ಟವರದು. ಹೇಗಿತ್ತಮ್ಮ ಅಂತ ಕೇಳಿದರು.

“ನೋವು ಇರಲಿಲ್ಲಪ್ಪ, ಖರೇ ಹೇಳ್ತೀನಿ. ಆದ್ರೆ ನಾನೂ ಇರಲಿಲ್ಲ. ನೋವಿನ ಕೂಡ ನನ್ನನ್ನೂ ಒಯ್ಯೋ ಮದ್ದು ಯಾತಕ್ಕಪ್ಪಾ?”

ಡಾಕ್ಟರು ಎದ್ದು ಹೋಗಲಿಲ್ಲ. ಆಮೇಲೆ ಹಲ್ಲಿನ ವಿಷಯ, ಹತ್ತಿಯ ಕಸದ ವಿಷಯ, ಲಾರಿ ಡ್ರೈವರನ ವಿಷಯ, ಎಲ್ಲವನ್ನೂ ಕೂತು ಕೇಳಿದರು. ಆ ಮದ್ದನ್ನು ಮತ್ತೆ ಯಾರ ಬೆನ್ನಿಗೂ ಸೇರಿಸಲಿಲ್ಲ. ಒಂದು ದಿನ ಮಾತ್ರ ನನ್ನ ಹತ್ತಿರ, “ಮುಂಚೆ ಆರಾಮ್ ಅಂದರಲ್ಲ ಸಿಸ್ಟರ್, ಅವರಲ್ಲಿ ಯಾರ್ಯಾರು ಹೀಗೆ ಸಾವಿನ ಅಂಚಿಗೆ ಹೋಗಿ ಬಂದರೋ” ಅಂದರು. ಅದೇ ವಾರ ಬಸ್ಸು ಹತ್ತಿ ಕಡರನಾಯಕನಹಳ್ಳಿಗೆ ಹೋಗಿ, ಟವೆಲ್ ಕಚ್ಚಿದ್ದ ಯಜಮಾನರ ಕಟ್ಟೆಯ ಮೇಲೆ ಕೂತು ಬಂದರು. ಅವರು ಎಂದಿನಂತೆ ಕೈ ಮುಗಿದು ಆರಾಮ್ ರಿ ಅಂದರಂತೆ. ಇವರು ಏಳಲೇ ಇಲ್ಲವಂತೆ. ಕೊನೆಗೆ ಆ ಯಜಮಾನರು, “ನೋವು ಭಾಳ ಇತ್ರಿ, ಹೇಳಾಕ ನಾಚಿಕಿ ಆತು” ಅಂತ ಬಾಯಿ ಬಿಟ್ಟರಂತೆ. ಆಮೇಲೆ ನಮ್ಮ ವಾರ್ಡಿನಲ್ಲಿ ಪ್ರತಿ ಮಂಚಕ್ಕೂ ಒಂದೊಂದು ಸ್ಟೂಲು ಬಂತು.

ಖಾಲಾ ಕೋಲು ಹಿಡಿದು ನಡೆದರು, ಕಾಲು ಚಾಚಿ ಕೂತರು, ಗಾದಿ ಹೊಲಿದರು. ಚಳಿ ಬಿದ್ದರೆ ಸಾಕು, “ಡಾಕ್ಟರಪ್ಪ ನನ್ನ ಸೊಂಟದಾಗ ತನ್ನ ದಬ್ಬಣ ಮರೆತಾನೆ” ಅಂತ ಓಣಿಗೆಲ್ಲ ಕೇಳುವ ಹಾಗೆ ಗೊಣಗುವರು. ಮೇಷ್ಟ್ರು ಹಿಂದಿನ ಓಣಿ ಬಿಟ್ಟು ಮುಂದಿನ ಓಣಿಯಲ್ಲೇ ಶಾಲೆಗೆ ಹೋಗತೊಡಗಿದರು, ಮನೆಯಿಂದ ಸ್ವಲ್ಪ ಬೇಗ ಹೊರಟು.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅವರ ಸೊಸೆ ಗೋಡೆ ಬಡಿದು ನನ್ನನ್ನು ಕರೆದಳು. ವಯಸ್ಸಾಗಿತ್ತು, ಎದೆ ಸೋತಿತ್ತು, ಖಾಲಾ ತಾವೇ ಹೊಲಿದ ಗಾದಿಯ ಮೇಲೆ ಮಲಗಿದ್ದರು. ನಾನು ಕಾಲ ಬುಡದಲ್ಲಿ ಕೂತೆ. ಕೈ ತಾನಾಗೇ ಹೋಗಿ ಹೆಬ್ಬೆರಳು ಹಿಡಿಯಿತು.

“ಆರಾಮಾ ಖಾಲಾ?”

“ಆರಾಮ್.”

ಸೊಸೆಯ ಮುಖ ನೋಡಿದೆ, ಅವಳಿಗೆ ಅರ್ಥವಾಯಿತು. “ಅತ್ತೇ, ಸಾರಿಗೆ ಉಪ್ಪು ಹಾಕಿಲ್ರಿ” ಅಂದಳು. ಹುಬ್ಬು ಗಂಟಾಗಲಿಲ್ಲ. “ದಬ್ಬಣ ಕೊಟ್ಟುಬಿಟ್ಟೆ” ಅಂದಳು. ಮಗ ಹತ್ತಿಯ ಮಾತು ತೆಗೆದ. ನಾನು ಆ ಹಲ್ಲು, ಆ ಚಳುಕು, ಆ ಸೊಂಟದ ಮೊಳೆ ಎಲ್ಲವನ್ನೂ ಒಂದೊಂದಾಗಿ ಕೇಳುತ್ತಾ ಹೋದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನೇ ನೋಡಿದರು. ನಿದ್ದೆಯ ಮಂಪರು ಅದರಲ್ಲಿ ಇರಲಿಲ್ಲ.

“ಸಾಕು ಬಿಡ್ರೇ. ಅವತ್ತಿಂದು ಮದ್ದಿನ ಆರಾಮ್. ಇದು ನಂದು. ಬೆರಳು ಬಿಡವ್ವಾ.”

ಬಿಟ್ಟೆ. ಆದರೆ ಎದ್ದು ಹೋಗಲಿಲ್ಲ. ಕೇಳಿದ್ದೆನಲ್ಲ, ಕೂತೆ.